ಪುಡಿ ಮೇಡಂ

ಬನಶಂಕರಿಯ ನಮ್ಮ ಪಾರ್ಕಿಗೆ ಬೆಳಿಗ್ಗೆ ವಾಕಿಂಗ್ ಬರುವ ಹೆಂಗಸರು ನನಗಿಟ್ಟ ಹೆಸರು ‘ಪುಡಿ ಮೇಡಂ’. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದರಿಂದ ಮೇಡಂ. ನಿವೃತ್ತಿಯಾದ ಮೇಲೆ ಪಾತ್ರೆ ತೊಳೆಯುವ ಪುಡಿಯನ್ನು ಮನೆಯಲ್ಲೇ ಮಾಡಿ, ಸಿಕ್ಕವರ ಮುಂದೆಲ್ಲ ಅದರ ಗುಣಗಾನ ಮಾಡುತ್ತಿದ್ದುದರಿಂದ ಪುಡಿ. ಬೆನ್ನ ಹಿಂದೆ ನಗುತ್ತಾರೆಂದು ಗೊತ್ತಿತ್ತು. ಆದರೂ ಆ ಹೆಸರು ಕೇಳಿದಾಗ ಒಳಗೊಳಗೇ ಬೀಗುತ್ತಿದ್ದೆ. ಈಗ ಯಾರಾದರೂ ಹಾಗೆ ಕೂಗಿದರೆ ಕೇಳಿಸದವಳಂತೆ ಮುಂದೆ ಹೋಗುತ್ತೇನೆ. ಕಾರಣವನ್ನು ಅವರಿಗೆ ಹೇಳಿಲ್ಲ.

ನಾನು ಹುಟ್ಟಿ ಬೆಳೆದದ್ದು ಶ್ರೀನಗರದ ಒಂದು ವಠಾರದಲ್ಲಿ. ಅಪ್ಪನದು ಒಂದು ಸಂಬಳ, ಉಣ್ಣುವ ಬಾಯಿ ಏಳು. ನನ್ನಮ್ಮ ಯಾವುದನ್ನೂ ಎಸೆದವಳಲ್ಲ. ಸವೆದ ಸೋಪಿನ ಚೂರುಗಳನ್ನೆಲ್ಲ ಒದ್ದೆ ಮಾಡಿ ಒಂದಕ್ಕೊಂದು ಮೆತ್ತಿ ಹೊಸ ಸೋಪು ಮಾಡುತ್ತಿದ್ದಳು. ಅವಳ ಸೀರೆ ಹರಿದರೆ ಮೊದಲು ನಮ್ಮ ಲಂಗ, ಆಮೇಲೆ ದಿಂಬಿನ ಕವರು, ಆಮೇಲೆ ಕೈ ಒರೆಸುವ ಬಟ್ಟೆ, ಕೊನೆಗೆ ಮಸಿಬಟ್ಟೆ. ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ನನಗಿತ್ತು. ನನಗೂ ನನ್ನ ಯಜಮಾನರಿಗೂ ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ, ಮೇಲಿನ ಮಹಡಿಯಿಂದ ಬಾಡಿಗೆಯೂ ಬರುತ್ತದೆ. ಹೀಗಿದ್ದೂ ಅಮ್ಮನ ಕಷ್ಟವನ್ನು ನಾನು ಹಟವಾಗಿ ಮಾಡಿಕೊಂಡೆ. ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿಗಳ ಸಾಲು ಕಂಡರೆ ಸಾಕು, ಯಾರೋ ನನ್ನನ್ನು ಪೆದ್ದಿ ಎಂದುಕೊಂಡಿದ್ದಾರೆ ಎನಿಸಿ ಸಿಟ್ಟು ಬರುತ್ತಿತ್ತು.

ನಮ್ಮ ಮನೆಯಲ್ಲಿ ಟೂತ್‌ಪೇಸ್ಟ್ ಟ್ಯೂಬನ್ನು ಕೊನೆಗೆ ಕತ್ತರಿಯಿಂದ ಉದ್ದಕ್ಕೆ ಸೀಳುತ್ತೇವೆ. ನನ್ನ ಯಜಮಾನರು ಪ್ರತಿ ಸಲವೂ “ಪೋಸ್ಟ್‌ಮಾರ್ಟಂ ಮುಗೀತಾ?” ಅನ್ನುತ್ತಾರೆ. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಇಡುತ್ತೇನೆ. ಮದುವೆ ಕರೆಯೋಲೆಗಳ ಹಿಂಬದಿ ದಿನಸಿ ಚೀಟಿಯಾಗುತ್ತದೆ. ಹಾಲಿನ ಕವರು ತೊಳೆದು, ಒಣಗಿಸಿ, ಕಟ್ಟು ಕಟ್ಟಿ ಹಳೇಪೇಪರಿನವನಿಗೆ ಕೊಡುತ್ತೇನೆ. ಇಷ್ಟರಿಂದ ಯಾರಿಗೂ ನಷ್ಟವಿರಲಿಲ್ಲ. ನಗುವವರು ನಕ್ಕರು, ಅಷ್ಟೆ.

ಪುಡಿಯ ಕತೆ ಬೇರೆ. ಅದಕ್ಕೆ ಅಂಟುವಾಳಕಾಯಿಯನ್ನು ಬಿಸಿಲಿಗೆ ಹಾಕಿ, ಬೀಜ ತೆಗೆದು ಕುಟ್ಟಬೇಕು. ಬೇಸಿಗೆಯ ಪಾನಕದಲ್ಲಿ ಹಿಂಡಿದ ನಿಂಬೆಸಿಪ್ಪೆಗಳನ್ನು ತಾರಸಿಯ ಮೇಲೆ ಗರಿಗರಿಯಾಗಿ ಒಣಗಿಸಬೇಕು. ಇವೆರಡನ್ನೂ ಪುಡಿ ಮಾಡಿ ಅಡುಗೆ ಸೋಡಾ, ಕಲ್ಲುಪ್ಪು ಸೇರಿಸಿ, ಉಜ್ಜಲು ಹಿಡಿತ ಸಿಗಲೆಂದು ರಂಗೋಲಿ ಪುಡಿ ಬೆರೆಸುತ್ತಿದ್ದೆ. ಜರಡಿ ಹಿಡಿದು, ಖಾಲಿಯಾದ ಗಾಜಿನ ಬಾಟಲಿಗಳಿಗೆ ತುಂಬಿ, ಮೇಲೊಂದು ಚೀಟಿ ಅಂಟಿಸುವಾಗ ನನಗಾಗುತ್ತಿದ್ದ ಸಂತೋಷ ಮಕ್ಕಳು ಒಳ್ಳೆಯ ಅಂಕ ತೆಗೆದಾಗಲೂ ಆಗುತ್ತಿರಲಿಲ್ಲ.

ಅದರಲ್ಲಿ ಪಾತ್ರೆ ತೊಳೆಯಬೇಕಾದವಳು ಮಾತ್ರ ನಾನಲ್ಲ. ನಮ್ಮ ಮನೆಗೆ ಹದಿನಾಲ್ಕು ವರ್ಷ ಕೆಲಸಕ್ಕೆ ಬಂದ ಒಬ್ಬಾಕೆ. ಶ್ರೀನಗರದಿಂದ ನಡೆದುಕೊಂಡು ಬರುತ್ತಿದ್ದಳು, ನಮ್ಮದಲ್ಲದೆ ಇನ್ನೂ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಗಂಡ ಎಲ್ಲೋ ಇದ್ದ, ಇದ್ದೂ ಇಲ್ಲದ ಹಾಗೆ. ಒಬ್ಬಳೇ ಮಗಳು. ಅವಳಿರುವ ಬೀದಿಯ ಹಿಂದಿನ ಬೀದಿಯಲ್ಲೇ ನಮ್ಮ ವಠಾರವಿತ್ತೆಂದು ತಿಳಿದ ದಿನದಿಂದ ಅವಳ ಬದುಕೆಲ್ಲ ನನಗೆ ಗೊತ್ತು ಎಂಬ ಧೈರ್ಯ ನನಗೆ ಬಂದುಬಿಟ್ಟಿತು. ಅವಳಿಗೆ ಉಪದೇಶ ಮಾಡುವ ಅಧಿಕಾರವನ್ನೂ ಅದರ ಜೊತೆಗೇ ತೆಗೆದುಕೊಂಡೆ.

ಮೊದಲ ಬಾಟಲಿ ಕೈಗೆ ಕೊಟ್ಟ ದಿನ ಹಿತ್ತಲ ಕಟ್ಟೆಯ ಪಕ್ಕ ನಿಂತು ನೋಡಿದೆ. ಒಂದೆರಡು ತಟ್ಟೆ ಉಜ್ಜಿ ಅವಳು ಕೈಯನ್ನು ನೀರಿನಲ್ಲಿ ಅದ್ದಿದಳು.

“ಸ್ವಲ್ಪ ಉರಿಯುತ್ತಲ್ವಾ ಅಕ್ಕ ಇದು?”

“ನಿಂಬೆಹಣ್ಣು ಇದೆಯಲ್ಲ, ಅದಕ್ಕೆ. ಎರಡು ದಿನ ಅಭ್ಯಾಸ ಆಗೋವರೆಗೂ ಅಷ್ಟೆ,” ಎಂದೆ. “ಅಂಗಡಿ ಸೋಪಲ್ಲಿ ಏನೇನು ಕೆಮಿಕಲ್ ಇರುತ್ತೆ ಗೊತ್ತಾ ನಿಂಗೆ?”

“ನಿಮಗೆ ಗೊತ್ತಿಲ್ದೆ ಇರುತ್ತಾ ಅಕ್ಕ,” ಎಂದಳು. ಆಮೇಲೆ ಉರಿಯ ಮಾತು ಎತ್ತಲೇ ಇಲ್ಲ. ಅಭ್ಯಾಸವಾಯಿತೆಂದು ನಾನು ತಿಳಿದುಕೊಂಡೆ.

ಪಾತ್ರೆಗಳಂತೂ ಫಳಫಳ ಹೊಳೆಯುತ್ತಿದ್ದವು. ದಿನವೂ ಸ್ವಲ್ಪ ಹೊತ್ತು ಹಿತ್ತಲಲ್ಲಿ ನಿಂತು, ಅವಳು ಪುಡಿ ಹಾಕಿ ಉಜ್ಜುವುದನ್ನು ನೋಡುತ್ತಿದ್ದೆ. ಬಂದವರಿಗೆಲ್ಲ ಲೋಟ ತಿರುಗಿಸಿ ತೋರಿಸುತ್ತಿದ್ದೆ. ಗೌರಿ ಹಬ್ಬಕ್ಕೆ ಅವಳಿಗೆ ಪ್ರತಿವರ್ಷ ಹೊಸ ಸೀರೆ ಕೊಡುವ ರೂಢಿಯಿತ್ತು. ಪುಡಿ ಶುರುವಾದ ಮೇಲೆ ಆ ಹೊಸ ಸೀರೆ, ನಾನು ನಾಲ್ಕೈದು ಸಲ ಉಟ್ಟು ಚೆನ್ನಾಗಿಟ್ಟುಕೊಂಡ ಸೀರೆಯಾಯಿತು. ಜೊತೆಗೊಂದು ದೊಡ್ಡ ಬಾಟಲಿ ಪುಡಿ. “ನಿಮ್ಮನೇಲೂ ಇದನ್ನೇ ಹಾಕು, ಸೋಪಿನ ಖರ್ಚು ಉಳಿಯುತ್ತೆ,” ಎಂದು ಬಾಟಲಿಯ ಕತ್ತಿಗೆ ಹಳೇ ಸೀರೆಯ ಜರಿ ಅಂಚು ಕಟ್ಟಿ ಕೊಡುತ್ತಿದ್ದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರ ನಡುವೆ ಕಿರಿಕಿರಿ. ತಿಂಗಳಿಗೊಮ್ಮೆ ರೇಷನ್ ತರುವ ದಿನ ಅವಳು ತಡ ಮಾಡುತ್ತಿದ್ದಳು, ಕೆಲವು ಸಲ ಬರುತ್ತಲೇ ಇರಲಿಲ್ಲ. ಅಂಗಡಿಯ ಮೆಷಿನ್ನಿನ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ಅವಳ ಗುರುತು ಹಿಡಿಯುತ್ತಿರಲಿಲ್ಲವಂತೆ. ಒರೆಸಿಕೊಂಡು ಇಡು ಅನ್ನುತ್ತಿದ್ದರಂತೆ, ಬೇರೆ ಬೆರಳು ಇಡು ಅನ್ನುತ್ತಿದ್ದರಂತೆ, ಕೊನೆಗೆ ನಾಳೆ ಬಾ ಎಂದು ಕಳಿಸುತ್ತಿದ್ದರಂತೆ. ಮಗಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಬಂದು ಬೆರಳು ಕೊಡಬೇಕೆಂದರೆ ಒಂದು ದಿನದ ಸಂಬಳ ಬಿಡಬೇಕು.

“ಪ್ರತಿ ತಿಂಗಳೂ ಇದೇ ರಾಗ ಆಯ್ತಲ್ಲ ನಿಂದು,” ಎಂದು ಒಂದು ದಿನ ರೇಗಿದೆ. “ಕೈ ಸರಿಯಾಗಿ ತೊಳ್ಕೊಂಡು ಹೋಗಲ್ಲ ನೀನು. ಜಿಡ್ಡಿದ್ರೆ ಮೆಷಿನ್ ಹೇಗೆ ಹಿಡಿಯುತ್ತೆ? ಮುಂದಿನ ಸಲ ನನ್ನ ಪುಡೀಲಿ ಚೆನ್ನಾಗಿ ಉಜ್ಜಿಕೊಂಡು ಹೋಗು.”

ಅವಳು ತಲೆಯಾಡಿಸಿದಳು. ಮುಂದಿನ ತಿಂಗಳು ನಾನು ಮರೆಯದೆ ಕೇಳಿದೆ, ಉಜ್ಜಿಕೊಂಡು ಹೋದೆಯಾ ಎಂದು. ಹೋದೆ ಎಂದಳು. ಹಿಡಿಯಿತಾ ಎಂದರೆ ಇಲ್ಲ ಎಂದಳು. ಹಾಗಾದರೆ ಮೆಷಿನ್ನೇ ಸರಿಯಿಲ್ಲ ಎಂದು ನಾನು ತೀರ್ಪು ಕೊಟ್ಟು ಒಳಗೆ ಹೋದೆ.

ನಮ್ಮ ಬಡಾವಣೆಯ ಮಹಿಳಾ ಮಂಡಳಿಯವರು ನನ್ನನ್ನು ಕರೆದು ಪುಡಿಯ ಬಗ್ಗೆ ಮಾತಾಡಲು ಹೇಳಿದ್ದು ನನ್ನ ಪಾಲಿಗೆ ದೊಡ್ಡ ದಿನ. ಬರೀ ಮಾತು ಸಾಲದು, ಕಣ್ಣೆದುರೇ ತೋರಿಸಬೇಕು ಎಂದುಕೊಂಡು ತಳ ಹಿಡಿದ ಹಾಲಿನ ಪಾತ್ರೆಯೊಂದನ್ನು ತೆಗೆದುಕೊಂಡು ಹೋದೆ. ಉಜ್ಜಲು ಇವಳನ್ನೂ ಕರೆದುಕೊಂಡು ಹೋದೆ. “ತೆಂಗಿನ ನಾರು ನಾನೇ ತರ್ತೀನಿ ಅಕ್ಕ, ನನ್ ಕೈಗೆ ಒಗ್ಗಿರೋದು,” ಎಂದಿದ್ದಳು. ಅಲ್ಲಿ ಸೆರಗಿನ ಗಂಟಿನಿಂದ ನಾರು ತೆಗೆದಳು. ನಾನು ಮೈಕಿನಲ್ಲಿ ನಿಂಬೆಯ ಗುಣ, ಸೋಡಾದ ಗುಣ ಅಂತ ಪಾಠ ಮಾಡುತ್ತಾ ಹೋದೆ, ಅವಳು ಕೆಳಗೆ ಕೂತು ತಿಕ್ಕಿದಳು. ನನ್ನ ಮಾತು ಮುಗಿಯುವ ಹೊತ್ತಿಗೆ ಪಾತ್ರೆ ಹೊಸದರ ಹಾಗಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಲ್ಲಿದ್ದ ಒಬ್ಬರಿಗೆ ಅನುಮಾನ. “ನೀನು ಹೇಳಮ್ಮ, ನಿಜವಾಗ್ಲೂ ಚೆನ್ನಾಗಿದ್ಯಾ ಈ ಪುಡಿ?” ಎಂದು ಅವಳನ್ನೇ ಕೇಳಿದರು.

“ನಮ್ಮಕ್ಕ ಕಷ್ಟಪಟ್ಟು ಮಾಡಿದ್ದಲ್ವಾ ಮೇಡಂ,” ಎಂದಳು ಅವಳು, ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು.

ಅದನ್ನು ನಾನು ಹೊಗಳಿಕೆ ಎಂದೇ ಕೇಳಿಸಿಕೊಂಡೆ. ಹೊಗಳಿಕೆ ಬೇಕಾಗಿದ್ದವಳಿಗೆ ಬೇರೆ ಏನು ಕೇಳಿಸೀತು?

ಈ ವರ್ಷ ಯುಗಾದಿ ಕಳೆದ ಮೇಲೆ ಅವಳು ಕೆಲಸ ಬಿಟ್ಟಳು. ಶ್ರೀನಗರದ ಮನೆ ಮಾಲೀಕರು ಬಾಡಿಗೆ ಏರಿಸಿದ್ದರು, ಮಗಳಿಗೆ ತಲಘಟ್ಟಪುರದ ಹತ್ತಿರದ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು, ಅಲ್ಲೇ ಒಂದು ಮನೆ ಹಿಡಿದರು. ದಿನಾ ಅಲ್ಲಿಂದ ಬರುವುದಕ್ಕಾಗುವುದಿಲ್ಲ ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನನಗೂ ಬೇಸರವಾಯಿತು. ಆದರೆ ನನ್ನ ಬುದ್ಧಿ ಎಲ್ಲಿಗೆ ಹೋದೀತು? ಇರುವುದು ಇಬ್ಬರೇ, ಇನ್ನು ನಾನೇ ತೊಳೆದುಕೊಂಡರಾಯಿತು, ಆ ಸಂಬಳವೂ ಉಳಿಯಿತು ಎಂದು ಲೆಕ್ಕ ಹಾಕಿದೆ.

ಮೊದಲ ದಿನವೇ ಲೋಟಗಳ ಮೇಲೆ ಬಿಳಿಯ ಪೊರೆ ಕಂಡಿತು. ಬೋರ್‌ವೆಲ್ ನೀರು ಬಿಟ್ಟಿದ್ದಾರೆ ಎಂದೆ. ಕಾವೇರಿ ನೀರಿನಲ್ಲಿ ತೊಳೆದರೂ ಪೊರೆ ಹೋಗಲಿಲ್ಲ. ಬಾಣಲೆಯ ಜಿಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ. ಈ ಸಲದ ಅಂಟುವಾಳ ಹಳೆಯದು ಎಂದು ಅಂಗಡಿಯವನನ್ನು ಬೈದೆ. ಹದಿನೈದು ದಿನ ಹೀಗೆ ಒಬ್ಬರನ್ನಲ್ಲ ಒಬ್ಬರನ್ನು ಬೈಯುತ್ತಾ ಕಳೆದೆ.

ಒಂದು ಬೆಳಿಗ್ಗೆ ಕೈತಪ್ಪಿದ ಚಮಚ ಹಿತ್ತಲ ನೀರಿನ ಡ್ರಮ್ಮಿನ ಹಿಂದೆ ಉರುಳಿತು. ಡ್ರಮ್ಮು ಸರಿಸಿ ಬಗ್ಗಿ ನೋಡಿದರೆ ಗೋಡೆಯ ಮೂಲೆಯಲ್ಲೊಂದು ತೆಂಗಿನ ಕರಟ. ಅದರಲ್ಲಿ ಪಾತ್ರೆ ತೊಳೆಯುವ ಹಸಿರು ಸೋಪಿನ ಅರ್ಧ ಬಿಲ್ಲೆ, ಒಣಗಿ ಬಿರಿದಿತ್ತು. ಪಕ್ಕದಲ್ಲಿ ಅದೇ ಸೋಪಿನ ಕಾಗದಗಳು, ನಾಲ್ಕು ಮಡಿಕೆ ಮಾಡಿ ಒಂದರ ಮೇಲೊಂದು ಇಟ್ಟಿದ್ದವು. ನಮ್ಮ ಮನೆಗೆ ಆ ಸೋಪು ಬಂದು ಏಳೆಂಟು ವರ್ಷವಾಗಿತ್ತು.

ನನಗೆ ಮೊದಲು ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದದ್ದು ಸಿಟ್ಟು. ನನ್ನ ಹಿತ್ತಲಲ್ಲಿ, ನನ್ನ ಕಣ್ಣಿಗೆ ಮಣ್ಣೆರಚಿ, ನನ್ನ ಪುಡಿಯನ್ನು ಮೋರಿಗೆ ಸುರಿದು ಇವಳು ಅಂಗಡಿ ಸೋಪಿನಲ್ಲಿ ಪಾತ್ರೆ ತೊಳೆದಳಲ್ಲ! ಕರಟವನ್ನು ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿದೆ.

“ಅಕ್ಕಾ! ಚೆನ್ನಾಗಿದೀರಾ?” ಎಂದಳು. ದನಿಯಲ್ಲಿ ಅಷ್ಟು ಖುಷಿ.

“ಡ್ರಮ್ ಹಿಂದೆ ಏನದು ಸೋಪು?” ಎಂದೆ.

ಅವಳ ಹಿಂದೆ ಎಲ್ಲೋ ಬಸ್ಸಿನ ಹಾರ್ನ್ ಕೇಳುತ್ತಿತ್ತು.

“ಕೈ ಒಡೆದು ರಕ್ತ ಬರ್ತಿತ್ತಕ್ಕ. ನೀವು ನಿಂತು ನೋಡುವಾಗ ಪುಡೀನೇ ಹಾಕ್ತಿದ್ದೆ, ಸತ್ಯವಾಗ್ಲೂ. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ...”

“ನಂಗೆ ಬೇಜಾರಾಗುತ್ತೆ ಅಂತ ಮೋಸ ಮಾಡಿದ್ಯಾ? ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲ ನಾನು, ಮಂಡಳೀಲಿ ಎಲ್ಲರ ಮುಂದೆ ನಿಂತು! ಹದಿನಾಲ್ಕು ವರ್ಷ ಮನೆಯವಳ ಥರ ನೋಡ್ಕೊಂಡಿದ್ದಕ್ಕೆ ಇದಾ ನೀನು ಮಾಡೋದು?”

“ತಪ್ಪಾಯ್ತಕ್ಕ,” ಎಂದಳು.

ನಾನು ಫೋನ್ ಇಟ್ಟೆ. ಆ ಸೋಪನ್ನು ಕೊಂಡವರು ಯಾರು, ಯಾವ ದುಡ್ಡಿನಿಂದ ಕೊಂಡರು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲೇ ಇಲ್ಲ. ಒಂದು ಕಾಸು ಹೆಚ್ಚು ಹೋದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವವಳಿಗೆ ಅದು ಹೊಳೆಯಲಿಲ್ಲ.

ಹಟಕ್ಕೆ ಪುಡಿಯಲ್ಲೇ ತೊಳೆಯುವುದನ್ನು ಮುಂದುವರಿಸಿದೆ. ಎರಡು ತಿಂಗಳು ಹಿಡಿಯಿತು. ಮೊದಲು ಉಗುರಿನ ಸುತ್ತ ಕೆಂಪಾಯಿತು. ಆಮೇಲೆ ಬೆರಳ ತುದಿಗಳಲ್ಲಿ ಗೀರು ಎದ್ದವು. ಉಪ್ಪು ಆ ಗೀರಿಗೆ ತಗುಲಿದಾಗ ಕಣ್ಣಲ್ಲಿ ನೀರು ಬಂತು. ಸಾರಿಗೆ ಹುಣಸೆಹಣ್ಣು ಕಿವುಚಲು ಆಗದೆ ಯಜಮಾನರನ್ನು ಕರೆಯುವಂತಾಯಿತು. ಬೆರಳಿಟ್ಟರೆ ತೆರೆದುಕೊಳ್ಳುತ್ತಿದ್ದ ನನ್ನ ಫೋನೂ ಯಾಕೋ ಮೊಂಡು ಹಿಡಿಯಿತು, ಪ್ರತಿ ಸಲ ನಂಬರ್ ಒತ್ತಬೇಕಾಯಿತು. ಫೋನು ಹಳೆಯದಾಯಿತೆಂದು ಗೊಣಗಿದೆ.

ಎದುರು ಮನೆಯ ಹುಡುಗಿ ಪರೀಕ್ಷೆಗೆ ಓದುತ್ತಾ ಒಂದು ಮಧ್ಯಾಹ್ನ ಪುಸ್ತಕ ಹಿಡಿದುಕೊಂಡು ಬಂದಳು. ಆಮ್ಲ, ಪ್ರತ್ಯಾಮ್ಲದ ಪಾಠ. ನಾನು ಎಂದಿನ ಗತ್ತಿನಲ್ಲಿ ಶುರು ಮಾಡಿದೆ. “ಎರಡೂ ಸೇರಿದ್ರೆ ಒಂದರ ಗುಣ ಇನ್ನೊಂದು ತಿಂದುಹಾಕುತ್ತೆ. ಉಳಿಯೋದು ಲವಣ ಮತ್ತೆ ನೀರು. ಉದಾಹರಣೆಗೆ ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿದ್ರೆ...” ಅಷ್ಟಕ್ಕೇ ಬಾಯಿ ನಿಂತಿತು. ಮೂವತ್ತು ವರ್ಷ ಇದೇ ಉದಾಹರಣೆ ಕೊಟ್ಟಿದ್ದೇನೆ. ನೊರೆ ಉಕ್ಕುವುದನ್ನು ತೋರಿಸಿ ಮಕ್ಕಳಿಂದ ಹೋ ಅನ್ನಿಸಿದ್ದೇನೆ. ಹಿತ್ತಲಲ್ಲಿ ನೀರು ತಗುಲಿದ ಕೂಡಲೇ ನನ್ನ ಪುಡಿಯಿಂದ ನೊರೆ ಉಕ್ಕುವುದನ್ನು ಕಂಡು ‘ನೋಡು, ಹೇಗೆ ಕೆಲಸ ಮಾಡ್ತಿದೆ’ ಎಂದು ಅವಳಿಗೆ ಹೇಳಿದ್ದೂ ನಾನೇ. ನಿಂಬೆಯನ್ನು ಸೋಡಾ ಕೊಂದು, ಸೋಡಾವನ್ನು ನಿಂಬೆ ಕೊಂದು, ಕೊನೆಗೆ ಉಳಿಯುತ್ತಿದ್ದದ್ದು ಜಿಡ್ಡಿಗೆ ಸಾಲದಷ್ಟು ಅಂಟುವಾಳ, ಕೈಯನ್ನು ಉಜ್ಜಲು ಉಪ್ಪು ಮತ್ತು ರಂಗೋಲಿ ಕಲ್ಲಿನ ಪುಡಿ. ಹುಡುಗಿ “ಆಂಟಿ, ಆಮೇಲೆ?” ಎಂದು ಕೇಳುತ್ತಲೇ ಇದ್ದಳು.

ಅಂದು ಸಂಜೆ ಯಜಮಾನರಿಗೆ ಎಲ್ಲ ಹೇಳಿಕೊಂಡೆ. ಅವರು ಪೇಪರು ಮಡಿಸಿಟ್ಟು, “ಸೋಪಿನ ವಿಷ್ಯ ನಂಗೆ ಗೊತ್ತಿತ್ತು,” ಎಂದರು.

“ಯಾವಾಗಿಂದ?”

“ನೀನು ಪುಡಿ ಶುರು ಮಾಡಿದ ಮೊದಲ್ನೇ ವರ್ಷದಿಂದ. ಗಿಡಕ್ಕೆ ನೀರು ಹಾಕೋಕೆ ಹೋದಾಗ ನೋಡಿದೆ. ಅಣ್ಣ, ಅಕ್ಕಂಗೆ ಹೇಳ್ಬೇಡಿ ಅಂದ್ಲು.”

“ನೀವಾದ್ರೂ ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಕೇಳ್ತಿದ್ಯಾ?”

ಮನೆಯೊಳಗಿನವರು, ಮನೆಗೆ ಬರುವವರು ಸೇರಿ ನನ್ನ ಸಿಟ್ಟಿಗೆ ಹೆದರಿಕೊಂಡು, ಸಣ್ಣ ಮಗುವನ್ನು ಸಂಭಾಳಿಸುವ ಹಾಗೆ ನನ್ನನ್ನು ಸಂಭಾಳಿಸಿದ್ದರು. ಮಂಡಳಿಯಲ್ಲಿ ಅವಳು ಸೆರಗಿನಿಂದ ತೆಗೆದ ನಾರಿಗೆ ಸೋಪು ತಿಕ್ಕಿ ತಂದಿದ್ದಳೆಂದೂ ಆಗಲೇ ಅರ್ಥವಾಯಿತು. ಅವಳು ಕಾಪಾಡಿದ್ದು ನನ್ನ ಮಾನವನ್ನು. ಅದನ್ನು ನಾನು ಮೋಸ ಎಂದು ಕರೆದಿದ್ದೆ.

ಮತ್ತೆ ಫೋನ್ ಮಾಡುವ ಮುಖ ಇರಲಿಲ್ಲ. ಮಾಡೋಣ ಎಂದುಕೊಳ್ಳುತ್ತಾ ವಾರಗಳು ಕಳೆದವು. ಗೌರಿ ಹಬ್ಬ ಬಂದಾಗ ಅದೇ ನೆಪವಾಯಿತು. ಹೊಸ ಸೀರೆ ತಂದೆ. ಬೆಲೆಯ ಚೀಟಿ ನೋಡದೆ ನಾನು ಸೀರೆ ಕೊಂಡದ್ದು ಬಹುಶಃ ಅದೇ ಮೊದಲು. ಅವಳ ಮಗಳಿಗೆ ಫೋನ್ ಮಾಡಿ ದಾರಿ ಕೇಳಿಕೊಂಡು, ಬನಶಂಕರಿಯಲ್ಲಿ ಮೆಟ್ರೋ ಹತ್ತಿ ತಲಘಟ್ಟಪುರದಲ್ಲಿ ಇಳಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ.

ಒಂದು ಕೋಣೆ, ಒಂದು ಅಡುಗೆಮನೆಯ ಮನೆ. ಅವಳು ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಕಾಕಡ ಹೂ ಕಟ್ಟುತ್ತಿದ್ದಳು. ನನ್ನನ್ನು ಕಂಡು ದಡಬಡ ಎದ್ದಳು. ಈಗ ಮನೆಗೆಲಸ ಬಿಟ್ಟಿದ್ದಾಳಂತೆ, ಹೂವಿನ ಅಂಗಡಿಗೆ ಮೊಳದ ಲೆಕ್ಕದಲ್ಲಿ ಹೂ ಕಟ್ಟಿಕೊಡುತ್ತಾಳಂತೆ. ಒಳಗೆ ಗೂಡಿನಲ್ಲಿ ನನ್ನ ಗಾಜಿನ ಬಾಟಲಿಗಳು ಸಾಲಾಗಿದ್ದವು. ಒಂದರಲ್ಲಿ ತೊಗರಿಬೇಳೆ, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಸಾಸಿವೆ. ಒಂದರ ಕತ್ತಿಗೆ ಜರಿ ಅಂಚು ಇನ್ನೂ ಹಾಗೇ ಇತ್ತು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. “ತಪ್ಪು ನಂದು ಕಣಮ್ಮ. ಪುಡೀನೇ ಸರಿ ಇರ್ಲಿಲ್ಲ. ಫೋನಲ್ಲಿ ಹಾಗೆ ಮಾತಾಡಬಾರದಿತ್ತು ನಾನು,” ಎಂದೆ.

“ಅಯ್ಯೋ, ಬಿಡಿ ಅಕ್ಕ. ಪುಡಿ ಚೆನ್ನಾಗೇ ಇತ್ತು. ನನ್ನ ಕೈಯೇ ಸರಿ ಇರ್ಲಿಲ್ಲ,” ಎಂದಳು.

ಈಗಲೂ ಸುಳ್ಳು, ಈಗಲೂ ನನಗಾಗಿ. ನಾನು ಸೀರೆಯ ಕವರನ್ನು ಅವಳ ಹೂವಿನ ಪಕ್ಕ ಇಟ್ಟು ಚಾಪೆಯ ಮೇಲೆ ಕೂತೆ. ಅವಳು ಕಾಫಿ ಕೊಟ್ಟಳು, ಲೋಟ ಥಳಥಳ ಹೊಳೆಯುತ್ತಿತ್ತು. ಆಮೇಲೆ ಏನೋ ನೆನಪಾಗಿ ಅವಳ ಮುಖ ಅರಳಿತು.

“ಅಕ್ಕ, ನಿಮಗೆ ಹೇಳ್ಬೇಕು ಅಂತಿದ್ದೆ. ಈಗ ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಹಿಡಿಯುತ್ತೆ! ಒಂದೇ ಸಲಕ್ಕೆ. ಮಗಳು ರಜ ಹಾಕೋ ಹಾಗೇ ಇಲ್ಲ. ಮೊದಲ್ನೇ ಸಲ ಹಿಡಿದಾಗ ನಿಮಗೇ ಹೇಳೋಣ ಅಂತ ಫೋನ್ ತಗೊಂಡೆ. ಆಮೇಲೆ ಭಯ ಆಯ್ತು, ಸುಮ್ನಾದೆ.”

ನೋಡಿ ಎಂದು ಬಲಗೈ ಚಾಚಿದಳು. ಇನ್ನೂ ಮೂರು ಮನೆಗಳಲ್ಲಿ ಅವಳು ಪಾತ್ರೆ ತೊಳೆದಿದ್ದಳು ಎಂದು ನನ್ನೊಳಗಿನ ವಕೀಲೆ ಎದ್ದು ನಿಂತಳು. ಆ ಮನೆಗಳಲ್ಲಿ ರಂಗೋಲಿ ಪುಡಿ ಇರಲಿಲ್ಲ. ಹೆಬ್ಬೆಟ್ಟನ್ನು ಇದರಲ್ಲೇ ಉಜ್ಜಿಕೊಂಡು ಹೋಗು ಎಂದು ಹೇಳಿದವರೂ ಅಲ್ಲಿ ಯಾರೂ ಇರಲಿಲ್ಲ. ಬಿರಿದ ನನ್ನ ಬೆರಳುಗಳ ನಡುವೆ ಅವಳ ಹೆಬ್ಬೆರಳನ್ನು ಹಿಡಿದು, ಕನ್ನಡಕ ಸರಿಮಾಡಿಕೊಂಡು, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದೆ. ಸಣ್ಣ ಸಣ್ಣ ಗೆರೆಗಳು, ಸುತ್ತು ಸುತ್ತಾಗಿ, ಒಂದೂ ಬಿಡದೆ ಮತ್ತೆ ಮೂಡಿದ್ದವು. ಅವಳು ನಮ್ಮ ಮನೆ ಬಿಟ್ಟು ಐದೇ ತಿಂಗಳಾಗಿತ್ತು.